ಸಲಹೆಗಾರರ ಕೆಲಸಕ್ಕೊಂದು ಒರೆಗಲ್ಲು

ಸಣ್ಣ ಸ್ವಯಂಸೇವಾ ಸಂಸ್ಥೆಗಳಿಗೆ ಬಲ ತುಂಬುವುದೇ ಈಗ ಒಂದು ಪ್ರತ್ಯೇಕ ವೃತ್ತಿ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ (ಸಿಎಸ್‌ಆರ್) ಖರ್ಚು ಮಾಡಬೇಕೆಂದು ವಿಧಿಸಿತು. 2014ರ ಏಪ್ರಿಲ್‌ನಿಂದ ಅದು ಜಾರಿಯಾಯಿತು. ಹಣ ಬಂದ ದಾರಿಯಲ್ಲೇ ಅರ್ಜಿ, ವರದಿ, ಸೂಚ್ಯಂಕಗಳೂ ಬಂದವು. ಅವನ್ನು ಬರೆಯಲು ತಿಳಿದವರು ಬೇಕಾದರು, ಹಾಗೆ ‘ಸಾಮರ್ಥ್ಯವೃದ್ಧಿ’ಯ ಸಲಹೆಗಾರರಿಗೆ ಬೇಡಿಕೆ ಹೆಚ್ಚಿತು. ಅವರ ಕೆಲಸವನ್ನು ಸಾಮಾನ್ಯವಾಗಿ ಎಷ್ಟು ಕಾರ್ಯಾಗಾರ ನಡೆಯಿತು, ಎಷ್ಟು ಅನುದಾನ ಬಂತು ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಅಳೆಯಬೇಕಾದದ್ದು ಬೇರೆ: ಸಲಹೆಗಾರರು ಹೋದ ಮೇಲೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ? ತೀರ್ಮಾನ ಯಾರು ಮಾಡುತ್ತಾರೆ? ದಾನಿಗೆ ‘ಇದು ನಮಗೆ ಬೇಡ’ ಎನ್ನುವ ಧೈರ್ಯ ಸಂಸ್ಥೆಗೆ ಬಂದಿದೆಯೇ? ಈ ಒರೆಗಲ್ಲಿಗೆ ಹಚ್ಚಿದರೆ ಇಂದಿನ ಸಲಹಾ ವೃತ್ತಿಯ ಬಹುಪಾಲು ಸೋಲುತ್ತದೆ ಎಂಬುದು ನನ್ನ ವಾದ. ಗೆದ್ದ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಅದು ಕೋಲಾರ ಜಿಲ್ಲೆಯ ಬಂಗಾರಪೇಟೆಯ ಕಡೆಯೇ ಇದೆ.

1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು ಶುರುವಾದ ಮೈರಾಡ ಸಂಸ್ಥೆ ಆಮೇಲೆ ಗ್ರಾಮೀಣ ಬಡವರ ಕಡೆ ತಿರುಗಿತು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಅದರ ಕಾರ್ಯಕ್ಷೇತ್ರಗಳಲ್ಲೊಂದು. 1980ರ ದಶಕದ ನಡುವೆ ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯಿದ್ದವರು ಚಿಕ್ಕ ಚಿಕ್ಕ ಗುಂಪುಗಳಾಗಿ ಬೇರೆ ಕೂತರು. ಕಾರ್ಯಕರ್ತರು ಆ ಒಡಕನ್ನು ಹೊಲಿಯಲು ಹೋಗದೆ ಅದರಿಂದಲೇ ಪಾಠ ಕಲಿತರು. ಮುಂದೆ ದೇಶವೆಲ್ಲ ಅನುಸರಿಸಿದ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಇದೂ ಒಂದು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಆರಂಭಿಸಿತು. ಹೆಚ್ಚು ಮುಖ್ಯವಾದದ್ದು ತರಬೇತಿಯ ರೀತಿ. ಹದಿನೈದಿಪ್ಪತ್ತು ಜನ ವಾರಕ್ಕೊಮ್ಮೆ ಕೂಡಬೇಕು. ತಡವಾಗಿ ಬಂದವರಿಗೆ ದಂಡ, ಅದರ ಮೊತ್ತ ಗೊತ್ತು ಮಾಡುವವರು ಸದಸ್ಯರೇ. ಉಳಿತಾಯ ಎಲ್ಲರೆದುರು ಎಣಿಕೆಯಾಗಬೇಕು. ಸಾಲ ಕೇಳಿದವರು ಯಾತಕ್ಕೆಂದು ಹೇಳಬೇಕು, ಉಳಿದವರು ಪ್ರಶ್ನೆ ಹಾಕಬೇಕು, ಕೊನೆಗೆ ನಡಾವಳಿ ಬರೆಯಬೇಕು. ಪ್ರತಿನಿಧಿಗಳು ಕಾಲಕಾಲಕ್ಕೆ ಬದಲಾಗಬೇಕು. ಸಭೆ ನಡೆಸುವುದು, ಜಗಳ ಬಗೆಹರಿಸುವುದು, ಪುಸ್ತಕ ಬರೆಯುವುದು, ಎಲ್ಲಕ್ಕೂ ಹಂತ ಹಂತವಾಗಿ ಪಾಠ ನಡೆಯಿತು. ಮುಂದೆ ನೂರರಷ್ಟು ಸಂಘಗಳು ಸೇರಿ ತಮ್ಮದೇ ಸಂಪನ್ಮೂಲ ಕೇಂದ್ರ ನಡೆಸುವ, ಅದರ ಸೇವೆಗೆ ತಾವೇ ಶುಲ್ಕ ತೆರುವ ವ್ಯವಸ್ಥೆಯೂ ಬಂತು. ಸಲಹೆ ಪಡೆಯುವವರೇ ಹಣ ಕೊಡುವಾಗ ಉಪಯೋಗಕ್ಕೆ ಬಾರದ ಸಲಹೆ ಹೆಚ್ಚು ದಿನ ಬಾಳುವುದಿಲ್ಲ.

ಸಂಘದ ಆಕಾರ ಮಾತ್ರ ಉಳಿದು ತರಬೇತಿ ಹೋದರೆ ಏನಾಗುತ್ತದೆಂಬುದೂ ಇದೇ ಜಿಲ್ಲೆಗೆ ಗೊತ್ತು. ಕಿರುಸಾಲ ಕಂಪನಿಗಳು ಸಾಲ ಹಂಚಲೆಂದೇ ಅವಸರದಲ್ಲಿ ಗುಂಪು ಕಟ್ಟಿದವು. 2009ರಲ್ಲಿ ಕೋಲಾರ ಪಟ್ಟಣದ ಅನೇಕ ಸಾಲಗಾರರು ಮರುಪಾವತಿಯನ್ನೇ ನಿಲ್ಲಿಸಿದರು.

ಈಗ ಅದೇ ಜಿಲ್ಲೆಯ ಚಿನ್ನದ ಗಣಿಯ ಊರು ಕೆಜಿಎಫ್‌ಗೆ ಬನ್ನಿ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಕೆಲಸದ ಜೊತೆಗೆ ಕಂಪನಿ ಸುತ್ತ ಬೆಳೆದಿದ್ದ ಬದುಕೂ ಕುಸಿಯಿತು. ಇಂದು ಸಾವಿರಾರು ಮಂದಿ ನಸುಕಿನಲ್ಲೇ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುತ್ತಾರೆ. ಸಲಹೆಗಾರರು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಡೆಸುವ ಯುವ ನಾಯಕತ್ವ ಶಿಬಿರಕ್ಕೆ ಇವರಲ್ಲಿ ಯಾರು ಬರಬೇಕು? ಗಣಿ ಕಾರ್ಮಿಕರ ಲೈನ್‌ಮನೆಗಳಲ್ಲಿ ಆಡುವುದು ಹೆಚ್ಚಾಗಿ ತಮಿಳು, ಬಂಗಾರಪೇಟೆಯ ಹಳ್ಳಿಗಳಲ್ಲಿ ಕನ್ನಡ, ತೆಲುಗು. ಸಲಹೆಗಾರರ ಪ್ರಶ್ನಾವಳಿ ಮಾತ್ರ ಇಂಗ್ಲಿಷಿನಲ್ಲಿ. ‘ಅಗತ್ಯಗಳ ಸಮೀಕ್ಷೆ’ ಊರಿಗೆ ಏನಿಲ್ಲ ಎಂಬುದನ್ನಷ್ಟೇ ಪಟ್ಟಿ ಮಾಡುತ್ತದೆ, ಏನಿತ್ತು ಎಂದು ಕೇಳುವುದಿಲ್ಲ. ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 1930ರಲ್ಲಿ ಗಣಿಯನ್ನೇ ನಿಲ್ಲಿಸಿದ, 1954ರಲ್ಲಿ ಅಂಬೇಡ್ಕರರನ್ನು ಬರಮಾಡಿಕೊಂಡ, ಕಾರ್ಮಿಕ ಸಂಘ ನಡೆಸಿದ, ಫುಟ್‌ಬಾಲ್–ಹಾಕಿ ತಂಡ ಬೆಳೆಸಿದ ಊರಿಗೆ ಸಂಘಟನೆ ಎಂದರೇನು ಎಂದು ಸ್ಲೈಡ್ ಹಾಕಿ ವಿವರಿಸುವುದು ಸ್ವಲ್ಪ ಹೆಚ್ಚೇ ಆಯಿತು.

ಕಾಗದಪತ್ರವಿಲ್ಲದೆ ಸಂಸ್ಥೆ ಬದುಕುವುದುಂಟೇ ಎಂದು ಸಲಹೆಗಾರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳನ್ನು ಈಗ ನವೀಕರಿಸುತ್ತಿರಬೇಕು, ಸಿಎಸ್‌ಆರ್ ಹಣಕ್ಕೆ 2021ರಿಂದ ಪ್ರತ್ಯೇಕ ನೋಂದಣಿ ಬೇಕು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಆ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು, ದೊಡ್ಡ ಸಂಸ್ಥೆ ಸಣ್ಣದಕ್ಕೆ ಆ ಹಣ ಹಂಚುವುದನ್ನೂ ನಿಷೇಧಿಸಿತು. ಇಷ್ಟರ ನಡುವೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಪುಟ್ಟ ಟ್ರಸ್ಟ್‌ಗೆ ತಿಳಿದವರ ನೆರವು ಬೇಕೇ ಬೇಕು. ಆದರೆ ನೋಂದಣಿ ಮಾಡಿಸಿಕೊಡುವುದು ಲೆಕ್ಕಪರಿಶೋಧಕರ ಕೆಲಸ. ಅದನ್ನೇ ಸಾಮರ್ಥ್ಯವೃದ್ಧಿ ಎಂದು ಕರೆದು ಮುಗಿಸುವುದು ತಪ್ಪು. ದಾನಿಗಳ ಪಾಲೂ ಇಲ್ಲಿ ಸಣ್ಣದಲ್ಲ. ಸಿಎಸ್‌ಆರ್ ನಿಯಮದ ಶೇ 5ರ ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ. ಅದನ್ನೇ ಸಂಸ್ಥೆಯ ತಲೆಗೂ ಕಟ್ಟಿದರೆ ಒಬ್ಬ ಗುಮಾಸ್ತನನ್ನು ಇಟ್ಟುಕೊಳ್ಳಲೂ ದುಡ್ಡು ಉಳಿಯದು, ಸಲಹೆಗಾರರ ಮೇಲಿನ ಅವಲಂಬನೆ ಇನ್ನಷ್ಟು ಹೆಚ್ಚುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಉಳಿತಾಯ ಸಂಘದ ಹೆಂಗಸರು ಊರಲ್ಲೇ ಇರುತ್ತಾರೆ, ಯುವಕರು ಇಂದು ಇಲ್ಲಿ, ನಾಳೆ ಹೊಸಕೋಟೆಯಲ್ಲಿ. ಕಾಮಸಮುದ್ರದ ಪಾಠ ಅವರಿಗೆ ಹೊಂದದು ಎನ್ನುತ್ತಾರೆ. ವಾರದ ಸಭೆ ಅವರಿಗೆ ಕಷ್ಟ ಎಂಬುದನ್ನು ಒಪ್ಪೋಣ. ಹಾಗೆಂದು ಲೆಕ್ಕ ಎಲ್ಲರೆದುರು ಓದುವುದು, ಹೊಣೆ ಸರದಿಯಂತೆ ಹೊರುವುದು, ಸ್ವಲ್ಪವಾದರೂ ತಮ್ಮದೇ ಹಣ ಹಾಕುವುದು ಊರು ಬಿಡದವರಿಗೆ ಮಾತ್ರ ಸಾಧ್ಯವಾಗುವ ಶಿಸ್ತಲ್ಲ. ಸಭೆ ಭಾನುವಾರ ಸಂಜೆ ಸೇರಲಿ, ತಮಿಳಿನಲ್ಲೇ ನಡೆಯಲಿ. ಹುಡುಗಿಯರು ಕತ್ತಲಾಗುವ ಮುಂಚೆ ಮನೆ ಸೇರುವಂತೆ ಹೊತ್ತು ಗೊತ್ತಾಗಲಿ. ಇಂಥ ಸಣ್ಣ ನಿರ್ಧಾರಗಳನ್ನು ಹುಡುಗ ಹುಡುಗಿಯರೇ ಮಾಡುವಂತಾದರೆ ಅದೇ ಯುವಜನಾಭಿವೃದ್ಧಿ.

ಆದ್ದರಿಂದ ಹಣ ಕೊಡುವ ಕಂಪನಿಗಳಲ್ಲಿ ಒಂದು ಕೋರಿಕೆ: ಸಲಹೆಗಾರರ ಶುಲ್ಕದ ಕೊನೆಯ ಕಂತನ್ನು ಅವರು ಹೋಗಿ ಒಂದು ವರ್ಷವಾಗುವವರೆಗೆ ತಡೆಹಿಡಿಯಿರಿ. ಅಷ್ಟರೊಳಗೆ ಸಂಸ್ಥೆಯ ಸಿಬ್ಬಂದಿಯೇ ಮುಂದಿನ ಅರ್ಜಿಯನ್ನು ತಮ್ಮ ಭಾಷೆಯಲ್ಲಿ ಬರೆದು, ವರ್ಷದ ಲೆಕ್ಕವನ್ನು ಊರವರ ಮುಂದೆ ಓದಿದ್ದರೆ ಆ ಕಂತು ಕೊಡಿ.