ಉಚಿತ ವೈ-ಫೈ ಯಾರಿಗೆ ಸಿಗುತ್ತದೆ?

ವಿಮಾನ ನಿಲ್ದಾಣದ ಉಚಿತ ವೈ-ಫೈ ಬಗ್ಗೆ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ವೇಗದ ಲೆಕ್ಕ. ಯಾವ ನಿಲ್ದಾಣದಲ್ಲಿ ಎಷ್ಟು ಎಂಬಿಪಿಎಸ್ ಎಂಬ ಪಟ್ಟಿಗಳು ಆಗಾಗ ಪ್ರಕಟವಾಗುತ್ತವೆ. ಮೇಲಿನ ಸ್ಥಾನ ಸಿಕ್ಕ ನಿಲ್ದಾಣಗಳು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ನನಗೆ ಈ ಅಳತೆಗೋಲೇ ಸರಿ ಕಾಣುವುದಿಲ್ಲ. ವೇಗವನ್ನು ಅಳೆಯುವವನು ಆಗಲೇ ಜಾಲದ ಒಳಗೆ ಬಂದಿರುತ್ತಾನೆ. ಒಳಗೆ ಬರಲಾಗದೆ ಹೊರಗೇ ಉಳಿದವರ ಸಂಖ್ಯೆ ಆ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಒಂದು ಸಾರ್ವಜನಿಕ ಸೌಲಭ್ಯವನ್ನು ತೂಗಿ ನೋಡುವಾಗ, ಅದರ ಅಗತ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚೋ ಅವರಿಗೆ ಅದು ದಕ್ಕುತ್ತಿದೆಯೇ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಯಾರಿಗೆ ಬೇಕು ಈ ವೈ-ಫೈ? ಜೇಬಿನಲ್ಲಿ ಭಾರತದ ಸಿಮ್, ಅದರಲ್ಲಿ 5ಜಿ ಡೇಟಾ ಇಟ್ಟುಕೊಂಡು ದೇವನಹಳ್ಳಿಯಲ್ಲಿ ವಿಮಾನ ಹತ್ತುವವರಿಗೆ ಇದು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಆದರೆ ಅದೇ ನಿಲ್ದಾಣಕ್ಕೆ ಮೊದಲ ಬಾರಿಗೆ ಬಂದಿಳಿದ ವಿದೇಶಿಗೆ, ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟು ಫ್ರಾಂಕ್‌ಫರ್ಟ್‌ನಲ್ಲೋ ದೋಹಾದಲ್ಲೋ ವಿಮಾನ ಬದಲಿಸುವ ಹಾಸನದ ಹಿರಿಯ ದಂಪತಿಗೆ, ಮುಂದಿನ ವಿಮಾನ ತಪ್ಪಿ ಹೋಟೆಲಿನ ವಿಳಾಸವೂ ಇಲ್ಲದೆ ನಿಂತವರಿಗೆ ಹೊರಜಗತ್ತಿನ ಸಂಪರ್ಕಕ್ಕೆ ಇರುವುದು ಅದೊಂದೇ. ಅವರ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಅಥವಾ ರೋಮಿಂಗ್ ಹಾಕಿಸಿಕೊಂಡಿರುವುದಿಲ್ಲ.

ಈ ಅಗತ್ಯ ಈಗ ಅನುಕೂಲದ ಮಟ್ಟವನ್ನು ದಾಟಿದೆ. ಥಾಯ್ಲೆಂಡ್ 2025ರ ಮೇ 1ರಿಂದ ವಿದೇಶಿಯರಿಗೆ ಡಿಜಿಟಲ್ ಆಗಮನ ಪತ್ರವನ್ನು ಕಡ್ಡಾಯ ಮಾಡಿತು. ಮಲೇಷ್ಯಾ 2024ರಲ್ಲೇ ಮಾಡಿತ್ತು. ಭಾರತವೂ 2025ರ ಅಕ್ಟೋಬರ್ 1ರಿಂದ ವಿದೇಶಿಯರಿಗೆ ಇ-ಅರೈವಲ್ ಕಾರ್ಡ್ ತಂದಿತು. ಯುರೋಪಿನ ರಯಾನ್‌ಏರ್ 2025ರ ನವೆಂಬರ್‌ನಿಂದ ಕಾಗದದ ಬೋರ್ಡಿಂಗ್ ಪಾಸ್ ಕೈಬಿಟ್ಟಿದೆ. ಸರ್ಕಾರಗಳೂ ವಿಮಾನಯಾನ ಸಂಸ್ಥೆಗಳೂ ಪ್ರಯಾಣಿಕ ಸದಾ ಆನ್‌ಲೈನ್ ಇರುತ್ತಾನೆ ಎಂದುಕೊಂಡೇ ನಿಯಮ ಮಾಡುತ್ತಿವೆ. ಹಾಗಿರುವಾಗ ಅವನನ್ನು ಆನ್‌ಲೈನ್ ಮಾಡುವ ಹೊಣೆಯೂ ಯಾರದಾದರೂ ಆಗಲೇಬೇಕು.

ವೇಗದ ವಿಷಯವನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಬಹುಮಟ್ಟಿಗೆ ಬಗೆಹರಿದಿರುವ ಸಮಸ್ಯೆ. ನಿಲ್ದಾಣಕ್ಕೆ ಬರುವ ಫೈಬರ್ ಸಂಪರ್ಕ ದೊಡ್ಡದಾಗಿದ್ದರೂ ಗೇಟಿನ ಬಳಿ ವೈ-ಫೈ ತೆವಳುವುದಕ್ಕೆ ಕಾರಣ ಗಾಳಿಯಲ್ಲಿದೆ. ಒಂದು ರೇಡಿಯೊ ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡಬೇಕು ಎಂಬುದು ಹಳೆಯ ವೈ-ಫೈ ತಲೆಮಾರುಗಳ ನಿಯಮ. ಬಾವಿಯಲ್ಲಿ ನೀರು ಎಷ್ಟೇ ಇರಲಿ, ರಾಟೆ ಒಂದೇ ಇದ್ದರೆ ಒಬ್ಬರು ಸೇದುವಾಗ ಉಳಿದವರು ಕಾಯಬೇಕು. ಕೈಸೋತವರ ಸರದಿ ಬಂದಾಗ ಎಲ್ಲರೂ ಇನ್ನಷ್ಟು ಕಾಯಬೇಕು. ಹಳೆಯ ಫೋನ್ ಅಥವಾ ದೂರದ ಮೂಲೆಯಲ್ಲಿ ಕೂತವರ ಲ್ಯಾಪ್‌ಟಾಪ್ ಹೀಗೆಯೇ ಇಡೀ ಗುಂಪನ್ನು ನಿಧಾನಗೊಳಿಸುತ್ತದೆ. 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಮುನ್ನೂರು ಜನರ ವಿಮಾನವೊಂದಕ್ಕೆ ಗೇಟ್ ತೆರೆಯುವ ಹೊತ್ತಿನಲ್ಲಿ ಅಷ್ಟೂ ಜನರ ಫೋನು, ವಾಚು, ಟ್ಯಾಬ್‌ಗಳು ಈ ಮೂರರ ಮೇಲೆ ಬಿದ್ದರೆ ಏನಾಗುತ್ತದೆಂದು ಊಹಿಸಬಹುದು.

ಪರಿಹಾರವೂ ಗೊತ್ತಿರುವುದೇ. ಸಾಧನಗಳನ್ನು 5 ಗಿಗಾಹರ್ಟ್ಜ್‌ಗೆ ತಳ್ಳಬೇಕು. ಹೆಚ್ಚು ಆಕ್ಸೆಸ್ ಪಾಯಿಂಟ್‌ಗಳನ್ನು ಕಡಿಮೆ ಶಕ್ತಿಯಲ್ಲಿ, ಹತ್ತಿರ ಹತ್ತಿರ ಇಡಬೇಕು. ಒಂದೇ ಚಾನೆಲ್ಲನ್ನು ಹಲವರಿಗೆ ಏಕಕಾಲದಲ್ಲಿ ಹಂಚಬಲ್ಲ ವೈ-ಫೈ 6 ಉಪಕರಣ ಹಾಕಬೇಕು. ಅಮೆರಿಕ 2020ರ ಏಪ್ರಿಲ್‌ನಲ್ಲಿ 6 ಗಿಗಾಹರ್ಟ್ಜ್ ಪಟ್ಟಿಯ 1,200 ಮೆಗಾಹರ್ಟ್ಜ್ ಜಾಗವನ್ನು ವೈ-ಫೈಗೆ ಬಿಟ್ಟುಕೊಟ್ಟ ಮೇಲೆ ಅಲ್ಲಿ ಇಕ್ಕಟ್ಟು ಇನ್ನೂ ಸಡಿಲವಾಗಲು ದಾರಿಯಾಯಿತು. ಹಣ ಹೂಡುವ ಮನಸ್ಸಿದ್ದರೆ ಯಾವ ದೊಡ್ಡ ನಿಲ್ದಾಣವೂ ಈ ಪರೀಕ್ಷೆಯಲ್ಲಿ ಪಾಸಾಗಬಹುದು. ಪ್ರಯಾಣಿಕನ ಅಗತ್ಯವೂ ಅಂಥ ದೊಡ್ಡದಲ್ಲ: ಒಂದು ವಿಡಿಯೊ ಕಾಲ್ ಕಡಿಯದೆ ಹೋಗಬೇಕು, ಒಂದು ಕ್ಯಾಬ್ ಬುಕ್ ಆಗಬೇಕು, ಒಂದು ಅರ್ಜಿ ಸಲ್ಲಿಕೆಯಾಗಬೇಕು. ಇದಕ್ಕೆ 100 ಎಂಬಿಪಿಎಸ್ ಬೇಕಿಲ್ಲ, ಐದಾರು ಸಾಕು.

ನಿಜವಾದ ಸೋಲು ಬಾಗಿಲಲ್ಲಿದೆ. ಭಾರತದ ವಿಮಾನ ನಿಲ್ದಾಣಗಳಲ್ಲಿ ವೈ-ಫೈ ಜಾಲವನ್ನು ಆರಿಸಿದ ಕೂಡಲೇ ಒಂದು ಪುಟ ತೆರೆದು ಮೊಬೈಲ್ ಸಂಖ್ಯೆ ಕೇಳುತ್ತದೆ. ಆ ಸಂಖ್ಯೆಗೆ ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಕೊಟ್ಟರೆ ಮಾತ್ರ ಸಾಮಾನ್ಯವಾಗಿ ಒಳಗೆ ಪ್ರವೇಶ. ಎಸ್‌ಎಂಎಸ್ ಬರಬೇಕಾದರೆ ಸಿಮ್ ಜೀವಂತವಾಗಿರಬೇಕು. ಸಿಮ್ ಜೀವಂತವಾಗಿದ್ದವನಿಗೆ ಬಹುತೇಕ ಡೇಟಾ ಕೂಡ ಇರುತ್ತದೆ. ಅಂದರೆ ಸಂಪರ್ಕ ಇರುವವನಿಗೇ ಇನ್ನೊಂದು ಸಂಪರ್ಕ ಸಿಗುತ್ತದೆ, ಇಲ್ಲದವನಿಗೆ ಅದೂ ಇಲ್ಲ. ಈ ಸೌಲಭ್ಯದ ಮೇಲೆ ನನಗಿರುವ ಮೂಲ ಆಕ್ಷೇಪ ಇದೇ.

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದಾಗ, ಹೊಣೆ ಹೊತ್ತು ಮಾಧ್ಯಮಗಳಿಗೆ ಕಳಿಸಿದ್ದ ಇ-ಮೇಲ್ ನವಿ ಮುಂಬೈನ ಮನೆಯೊಂದರ ಪಾಸ್‌ವರ್ಡ್ ಇಲ್ಲದ ವೈ-ಫೈ ಮೂಲಕ ಹೋಗಿತ್ತು. ಆ ಮನೆಯವರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆ ಆಘಾತದ ನಂತರ ದೂರಸಂಪರ್ಕ ಇಲಾಖೆ 2009ರ ಫೆಬ್ರವರಿ 23ರಂದು ಸೂಚನೆ ಹೊರಡಿಸಿತು: ಸಾರ್ವಜನಿಕ ಜಾಗದಲ್ಲಿ ವೈ-ಫೈ ಕೊಡುವವರು ಬಳಕೆದಾರರ ಫೋಟೊ ಗುರುತಿನ ಚೀಟಿಯ ಪ್ರತಿ ಪಡೆಯಬೇಕು, ಇಲ್ಲವೇ ಮೊಬೈಲ್‌ಗೆ ಎಸ್‌ಎಂಎಸ್ ಮೂಲಕ ಪಾಸ್‌ವರ್ಡ್ ಕಳಿಸಬೇಕು. ಜನ ಸತ್ತಿದ್ದ ಆ ಹೊತ್ತಿನಲ್ಲಿ ಇಂಥ ಎಚ್ಚರ ಸಹಜವಾಗಿತ್ತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೆ ಕಾಫಿ ಅಂಗಡಿಗೂ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಒಂದೇ ಕೀಲಿ ಏಕೆ? ವಲಸೆ ತಪಾಸಣೆಯ ಆಚೀಚೆ ಇರುವ ಪ್ರತಿಯೊಬ್ಬ ಪ್ರಯಾಣಿಕನ ಪಾಸ್‌ಪೋರ್ಟ್ ಓದಿಯಾಗಿರುತ್ತದೆ, ಇಲ್ಲವೇ ಸ್ವಲ್ಪ ಹೊತ್ತಿಗೆ ಓದಲಿದ್ದಾರೆ. ಹೆಸರು ಟಿಕೆಟ್‌ನಲ್ಲಿದೆ, ಸೀಟಿನ ಸಂಖ್ಯೆ ಗೊತ್ತಿದೆ, ಕ್ಯಾಮೆರಾಗಳು ಎಲ್ಲೆಡೆ ಇವೆ. ಪ್ರತಿಯೊಬ್ಬರ ಗುರುತು ಇಷ್ಟು ಖಚಿತವಾಗಿ ತಿಳಿದಿರುವ ಸಾರ್ವಜನಿಕ ಜಾಗ ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ. ಅಲ್ಲಿ ಗುರುತನ್ನು ಮತ್ತೆ ಸಿಮ್ ಕಾರ್ಡಿನಿಂದಲೇ ಸಾಬೀತುಪಡಿಸಿ ಎನ್ನುವುದು ಭದ್ರತೆಗೆ ಹೆಚ್ಚೇನೂ ಸೇರಿಸುವುದಿಲ್ಲ. ದೆಹಲಿಯಂಥ ನಿಲ್ದಾಣಗಳು ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದರೆ ವೈ-ಫೈ ಕೂಪನ್ ಕೊಡುವ ಕಿಯೋಸ್ಕ್‌ಗಳನ್ನು ಇಟ್ಟಿವೆ. ಇದು ಸರಿಯಾದ ಹೆಜ್ಜೆ, ಮೆಚ್ಚಬೇಕಾದದ್ದು. ಆದರೂ ಹತ್ತಾರು ಗಂಟೆ ಹಾರಿ ಬಂದು, ಕೈಯಲ್ಲಿ ಮಗು ಹಿಡಿದ ತಾಯಿ ವಿಶಾಲವಾದ ಟರ್ಮಿನಲ್‌ನಲ್ಲಿ ಆ ಕಿಯೋಸ್ಕ್ ಹುಡುಕಿ ಹೋಗಬೇಕು. ಪಾಸ್‌ಪೋರ್ಟ್ ಸಂಖ್ಯೆಯನ್ನೋ ಬೋರ್ಡಿಂಗ್ ಪಾಸಿನ ವಿವರವನ್ನೋ ಲಾಗಿನ್ ಪುಟದಲ್ಲೇ ಪಡೆದರೆ ಈ ಹುಡುಕಾಟವೇ ತಪ್ಪುತ್ತದೆ.

ಬೇರೆ ದೇಶಗಳೂ ಈ ದಾರಿಯಲ್ಲಿ ನಡೆದು ಹೊರಬಂದಿವೆ. 2005ರ ಜುಲೈನಲ್ಲಿ ಲಂಡನ್ ಸ್ಫೋಟವಾದ ಮೇಲೆ ಇಟಲಿ ಸುಗ್ರೀವಾಜ್ಞೆ ತಂದು, ಸಾರ್ವಜನಿಕ ಇಂಟರ್‌ನೆಟ್ ಬಳಸುವವರ ಗುರುತಿನ ದಾಖಲೆ ಪಡೆಯುವುದನ್ನು ಕಡ್ಡಾಯ ಮಾಡಿತು. ಅದನ್ನು ತಂದ ಗೃಹ ಮಂತ್ರಿ ಪಿಸಾನು ಅವರ ಹೆಸರಿನಿಂದಲೇ ಅದು ಪ್ರಸಿದ್ಧ. ಉಚಿತ ವೈ-ಫೈ ಬೆಳೆಯದೆ ಹೋದದ್ದಕ್ಕೆ ಅದೇ ಕಾರಣ ಎಂಬ ಟೀಕೆ ಬಲವಾಗಿ, 2010ರ ಕೊನೆಗೆ ಅದರ ಅವಧಿ ಮುಗಿದಾಗ ಸರ್ಕಾರ ಆ ಕಡ್ಡಾಯವನ್ನು ಮುಂದುವರಿಸಲಿಲ್ಲ. ಜರ್ಮನಿಯಲ್ಲಿ ಇನ್ನೊಂದು ತೊಡಕಿತ್ತು. ಬೇರೆಯವರು ತನ್ನ ವೈ-ಫೈ ಬಳಸಿ ಕಾನೂನು ಮುರಿದರೆ ವೈ-ಫೈ ಕೊಟ್ಟವನನ್ನೂ ಕೋರ್ಟಿಗೆ ಎಳೆಯಬಹುದಿತ್ತು. 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಆ ಭಯವನ್ನು ತೆಗೆದರು. ಈ ಎರಡೂ ದೇಶಗಳಿಗೆ ಭಯೋತ್ಪಾದನೆಯ ಅನುಭವವಿದೆ. ನಿಯಮದಿಂದ ಸಿಗುವ ಲಾಭವನ್ನೂ ಅದಕ್ಕೆ ತೆರುವ ಬೆಲೆಯನ್ನೂ ಅವು ಕಾಲಕಾಲಕ್ಕೆ ಮತ್ತೆ ತೂಗಿ ನೋಡಿದವು. ನಮ್ಮಲ್ಲಿ ಆಗಬೇಕಿರುವುದೂ ಅದೇ.

ನಿಯಮದ ಮಾತು ಬಿಟ್ಟರೂ, ಮೊಬೈಲ್ ಸಂಖ್ಯೆ ಕೇಳುವ ಆ ಲಾಗಿನ್ ಪುಟಕ್ಕೆ ಅದರದೇ ಆದ ಕೊರತೆಗಳಿವೆ. ಅದು ಕೆಲಸ ಮಾಡುವ ಬಗೆ ಹಳೆಯ ಕಾಲದ್ದು: ನೀವು ಯಾವುದೋ ತಾಣಕ್ಕೆ ಹೊರಟಾಗ ನಡುವೆ ತಡೆದು ತನ್ನ ಪುಟವನ್ನು ತೋರಿಸುವುದು. ಈಗ ಬಹುತೇಕ ತಾಣಗಳು ಗೂಢಲಿಪೀಕರಣವಿರುವ ಎಚ್‌ಟಿಟಿಪಿಎಸ್ ಬಳಸುವುದರಿಂದ, ಹೀಗೆ ನಡುವೆ ಕೈ ಹಾಕುವುದನ್ನು ಬ್ರೌಸರ್‌ಗಳು ಅಪಾಯವೆಂದು ಎಚ್ಚರಿಸುತ್ತವೆ. ಫೋನ್ ತಾನಾಗಿ ತೆರೆಯುವ ಪುಟ್ಟ ಕಿಟಕಿ ಎಸ್‌ಎಂಎಸ್ ನೋಡಿ ಬರುವಷ್ಟರಲ್ಲಿ ಮುಚ್ಚಿಹೋಗಿರುವುದೂ ಉಂಟು. ಖಾಸಗಿತನಕ್ಕಾಗಿ ಫೋನ್‌ಗಳು ಜಾಲಕ್ಕೆ ತಮ್ಮ ಗುರುತಾದ ಮ್ಯಾಕ್ ವಿಳಾಸವನ್ನು ಬದಲಿಸುವುದರಿಂದ, ಒಮ್ಮೆ ಒಳಗೆ ಬಂದವರನ್ನೂ ಜಾಲ ಅಪರಿಚಿತರೆಂದೇ ಕಂಡು ಮತ್ತೆ ಒಟಿಪಿ ಕೇಳಬಹುದು. ತಂತ್ರಜ್ಞಾನ ಬಲ್ಲವರಿಗೆ ಇದು ಕಿರಿಕಿರಿ. ಅರವತ್ತೈದರ ವಯಸ್ಸಿನಲ್ಲಿ ಮೊದಲ ಬಾರಿ ದೇಶ ದಾಟುವ ಅಮ್ಮನಿಗೆ ಇದು ದಾಟಲಾಗದ ಗೋಡೆ. ಬೆಂಗಳೂರಿನ ನಾಮಫಲಕಗಳಲ್ಲಿ ಕನ್ನಡ ಕೇಳುವ ನಾವು ಲಾಗಿನ್ ಪುಟದಲ್ಲೂ ಅದನ್ನು ಕೇಳಬೇಕು, ಏಕೆಂದರೆ ಆ ಪುಟದಲ್ಲಿ ನಮ್ಮಿಂದ ಒಪ್ಪಿಗೆ ಪಡೆಯುತ್ತಾರೆ. ಅರ್ಥವಾಗದ ಭಾಷೆಯ ಷರತ್ತಿನ ಕೆಳಗೆ ಒತ್ತಿದ ಗುಂಡಿ ಒಪ್ಪಿಗೆಯಾಗುವುದಿಲ್ಲ.

ಪುಟ ಸುರಕ್ಷಿತವೇ ಎಂಬ ಪ್ರಶ್ನೆಗೂ ಸಮಾಧಾನದ ಉತ್ತರವಿಲ್ಲ. 2024ರ ಸೆಪ್ಟೆಂಬರ್ 25ರಂದು ಬ್ರಿಟನ್ನಿನ 19 ರೈಲು ನಿಲ್ದಾಣಗಳಲ್ಲಿ ಸಾರ್ವಜನಿಕ ವೈ-ಫೈನ ಈ ಸ್ವಾಗತ ಪುಟವನ್ನೇ ಬದಲಿಸಿ ದ್ವೇಷದ ಸಂದೇಶ ತೋರಿಸಲಾಯಿತು. ಅದೇ ವರ್ಷ ಆಸ್ಟ್ರೇಲಿಯಾದ ಪೊಲೀಸರು ಒಬ್ಬನ ಮೇಲೆ ಆರೋಪ ಹೊರಿಸಿದರು: ವಿಮಾನ ನಿಲ್ದಾಣಗಳಲ್ಲೂ ವಿಮಾನದೊಳಗೂ ಅಸಲಿ ಜಾಲದ ಹೆಸರಿನ ನಕಲಿ ವೈ-ಫೈ ಹರಡಿ, ನಕಲಿ ಲಾಗಿನ್ ಪುಟದಲ್ಲಿ ಜನರ ಇ-ಮೇಲ್ ಮತ್ತು ಸಾಮಾಜಿಕ ಜಾಲತಾಣಗಳ ಲಾಗಿನ್ ವಿವರಗಳನ್ನು ಕದಿಯುತ್ತಿದ್ದ ಎಂದು. ಉಚಿತ ವೈ-ಫೈ ಎಂದರೆ ಮೊದಲು ನಿಮ್ಮ ವಿವರ ಕೊಡಿ ಎಂಬ ಅಭ್ಯಾಸವನ್ನು ಜನರಲ್ಲಿ ಬೆಳೆಸಿದ್ದೇ ಇಂಥ ಕಳ್ಳರಿಗೆ ಅನುಕೂಲವಾಗಿದೆ. ಅಸಲಿ ಜಾಲ ಏನನ್ನೂ ಕೇಳದಿದ್ದರೆ, ಕೇಳುವ ನಕಲಿಯ ಮೇಲೆ ಅನುಮಾನ ಬರುತ್ತಿತ್ತು.

ಒಳಗೆ ಬಂದ ಮೇಲೆ ಏನು ಸಿಗುತ್ತದೆ ಎಂಬುದರಲ್ಲೂ ಪ್ರಾಮಾಣಿಕತೆ ಬೇಕು. ಮಂಗಳೂರು, ಉಡುಪಿ, ಭಟ್ಕಳದ ಸಾವಿರಾರು ಕುಟುಂಬಗಳಿಗೆ ದುಬೈ, ಅಬುಧಾಬಿಯ ನಿಲ್ದಾಣಗಳು ಚಿರಪರಿಚಿತ. ಅಲ್ಲಿ ವೈ-ಫೈ ಸೇರಿದರೂ ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ, ಸಂದೇಶ ಮಾತ್ರ ಹೋಗುತ್ತದೆ. ಅದು ನಿಲ್ದಾಣದ ದೋಷವಲ್ಲ, ಯುಎಇ ದೇಶದ ನಿಯಮ. ಚೀನಾದ ನಿಲ್ದಾಣಗಳ ವೈ-ಫೈನಲ್ಲಿ ಜಿಮೇಲ್, ವಾಟ್ಸ್‌ಆ್ಯಪ್ ಎರಡೂ ತೆರೆಯುವುದಿಲ್ಲ. ಆದರೆ ಮೊದಲ ಬಾರಿ ಹೋದವರು ತಮ್ಮ ಫೋನೇ ಕೆಟ್ಟಿದೆ ಎಂದು ಕಂಗಾಲಾಗುತ್ತಾರೆ. ಇಲ್ಲಿ ಈ ಸೇವೆಗಳು ನಡೆಯುವುದಿಲ್ಲ ಎಂದು ಸ್ವಾಗತ ಪುಟದಲ್ಲಿ ಒಂದು ಸಾಲು ಬರೆದರೆ ಆ ಆತಂಕ ತಪ್ಪುತ್ತಿತ್ತು. ಅವಧಿಯ ಮಿತಿಯೂ ಹೀಗೆಯೇ. ಅಂತರರಾಷ್ಟ್ರೀಯ ಪ್ರಯಾಣಿಕರು ಮೂರು ಗಂಟೆ ಮೊದಲೇ ಬರಬೇಕೆಂದು ಹೇಳಿ, ಮುಕ್ಕಾಲು ಗಂಟೆಗೆ ಉಚಿತ ವೈ-ಫೈ ಮುಗಿಸುವುದು ನ್ಯಾಯವಲ್ಲ. ಕಾಯಲು ಹೇಳಿದಷ್ಟು ಹೊತ್ತು ಸಂಪರ್ಕವನ್ನೂ ಕೊಡಬೇಕು.

ಹಾಗಾದರೆ ಗುರುತು ಬೇಕು, ತಡೆಯೂ ಬೇಡ ಎಂದರೆ ದಾರಿ ಇದೆಯೇ? ಇದೆ. ವಿಶ್ವವಿದ್ಯಾಲಯಗಳ ಎಡುರೋಮ್ ಜಾಲವನ್ನು ನೋಡಿ. ವಿದ್ಯಾರ್ಥಿಯ ಗುರುತನ್ನು ಅವನ ಸ್ವಂತ ಸಂಸ್ಥೆ ಒಮ್ಮೆ ಖಚಿತಪಡಿಸಿದರೆ ಸಾಕು, ಜಗತ್ತಿನ ಬೇರೆ ಯಾವ ಸದಸ್ಯ ವಿಶ್ವವಿದ್ಯಾಲಯಕ್ಕೆ ಹೋದರೂ ಫೋನ್ ತಾನಾಗಿ, ಗೂಢಲಿಪೀಕರಣದ ರಕ್ಷಣೆಯೊಂದಿಗೆ ಜಾಲ ಸೇರುತ್ತದೆ. ಯುರೋಪಿನ ಕೆಲವು ವಿಮಾನ ನಿಲ್ದಾಣಗಳಲ್ಲೂ ಅದು ಸಿಗುತ್ತದೆ. ಭಾರತದಲ್ಲಿ ಅರ್ನೆಟ್ ಸಂಸ್ಥೆ ಅದನ್ನು ನಡೆಸುತ್ತಿದೆ. ಇದೇ ತತ್ತ್ವವನ್ನು ಎಲ್ಲರಿಗೂ ವಿಸ್ತರಿಸುವ ಓಪನ್‌ರೋಮಿಂಗ್ ಎಂಬ ವ್ಯವಸ್ಥೆಯನ್ನು 2020ರಿಂದ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಅಲಯನ್ಸ್ ನೋಡಿಕೊಳ್ಳುತ್ತಿದೆ. ತಪ್ಪು ನಡೆದರೆ ಯಾರೆಂದು ಪತ್ತೆ ಹಚ್ಚಬಹುದು, ಹೊಸಬರನ್ನು ಬಾಗಿಲಲ್ಲಿ ನಿಲ್ಲಿಸಬೇಕಿಲ್ಲ. 2009ರಲ್ಲಿ ಇಂಥ ಆಯ್ಕೆ ನಮ್ಮ ನಿಲ್ದಾಣಗಳ ಮುಂದೆ ಇರಲಿಲ್ಲ, ಈಗ ಇದೆ.

ಉಚಿತವಾಗಿ ಕೊಟ್ಟದ್ದರ ಬಗ್ಗೆ ಇಷ್ಟೆಲ್ಲ ದೂರೇ ಎಂದು ಕೆಲವರು ಕೇಳಬಹುದು. ಅದು ಉಚಿತವಲ್ಲ. ದೊಡ್ಡ ನಿಲ್ದಾಣಗಳಲ್ಲಿ ಟಿಕೆಟ್ಟಿನ ಜತೆಗೇ ಬಳಕೆದಾರರ ಅಭಿವೃದ್ಧಿ ಶುಲ್ಕ ತೆರುತ್ತೇವೆ. ಲಾಗಿನ್ ಪುಟದಲ್ಲಿ ಫೋನ್ ಸಂಖ್ಯೆಯನ್ನೂ ಕೊಡುತ್ತೇವೆ. ಆ ಶುಲ್ಕವನ್ನು ನಿಗದಿ ಮಾಡುವ ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರಕ್ಕೆ ಸೇವೆಯ ಗುಣಮಟ್ಟವನ್ನು ಗಮನಿಸುವ ಅಧಿಕಾರವನ್ನೂ 2008ರ ಕಾಯ್ದೆ ಕೊಟ್ಟಿದೆ.

ಆದ್ದರಿಂದ ನನ್ನ ಒತ್ತಾಯ ಒಂದೇ ಅಂಕಿಯ ಬಗ್ಗೆ. ಪ್ರತಿ ನಿಲ್ದಾಣದ ವೈ-ಫೈ ನಿಯಂತ್ರಕ ಯಂತ್ರದಲ್ಲಿ ಎರಡು ಲೆಕ್ಕಗಳು ತಾವಾಗಿ ದಾಖಲಾಗುತ್ತವೆ: ಆ ದಿನ ಎಷ್ಟು ಸಾಧನಗಳು ಜಾಲವನ್ನು ಆರಿಸಿ ಲಾಗಿನ್ ಪುಟದವರೆಗೆ ಬಂದವು, ಅವುಗಳಲ್ಲಿ ಎಷ್ಟು ಇಂಟರ್‌ನೆಟ್ ತಲುಪಿದವು. ಈ ಎರಡರ ನಡುವಿನ ಅಂತರವನ್ನು ಆಗಮನ ವಿಭಾಗಕ್ಕೆ ಬೇರೆ, ನಿರ್ಗಮನಕ್ಕೆ ಬೇರೆ ಎಂದು ಪ್ರತಿ ತಿಂಗಳು ಪ್ರಕಟಿಸಬೇಕು. ಹೊಸ ಉಪಕರಣ, ಹೊಸ ಸಮೀಕ್ಷೆ ಯಾವುದೂ ಇದಕ್ಕೆ ಬೇಕಿಲ್ಲ. ಆ ಅಂತರ ಎಷ್ಟೆಂದು ಜನರ ಕಣ್ಣಿಗೆ ಬಿದ್ದ ದಿನದಿಂದ, ಅದನ್ನು ಮುಚ್ಚುವ ಕೆಲಸವನ್ನು ಯಾವ ನಿಲ್ದಾಣವೂ ಮುಂದೂಡಲಾರದು.