ದುರ್ವಾಸಪುರದ ಬಾಕಿ ಲೆಕ್ಕ

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಗೆ 60 ತುಂಬಿತು. 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಹೊರತಂದ ಮೇಲೆ ಅದರ ಬಗ್ಗೆ ಬಂದ ಬರವಣಿಗೆಯನ್ನೆಲ್ಲ ಒಟ್ಟಿದರೆ ಆ ಪುಟ್ಟ ಪುಸ್ತಕ ಅಡಿಯಲ್ಲೆಲ್ಲೋ ಹುದುಗಿಹೋದೀತು. ಪ್ರಾಣೇಶಾಚಾರ್ಯರ ಧರ್ಮಸಂಕಟ, ನಾರಣಪ್ಪನ ಬಂಡಾಯ, ಬ್ರಾಹ್ಮಣ್ಯದ ಅವನತಿ, ಅಸ್ತಿತ್ವವಾದ ಇವನ್ನೆಲ್ಲ ನಾನು ಮತ್ತೆ ಹೇಳಬೇಕಾಗಿಲ್ಲ. ಶಿವಮೊಗ್ಗದ ಯಾವ ಬಿ.ಎ. ವಿದ್ಯಾರ್ಥಿಯಾದರೂ ಹೇಳಿಯಾನು. ನನ್ನ ತಕರಾರು ಇರುವುದು ಈ ಕಾದಂಬರಿಯ ಮೇಲೂ ಇದರ ಹಿಂದೆಮುಂದೆ ಬಂದ ಮಲೆನಾಡಿನ ದೊಡ್ಡ ಕಾದಂಬರಿಗಳ ಮೇಲೂ ನಾವು ಹೊರಿಸಿರುವ ಒಂದು ಬಿರುದಿನ ಬಗ್ಗೆ. ಮಲೆನಾಡಿನ ಬದುಕು ಇವುಗಳಲ್ಲಿ ಇಡಿಯಾಗಿ ಬಂದಿದೆ ಎನ್ನುತ್ತೇವೆ. ಇಡಿಯಾಗಿ ಬಂದಿಲ್ಲ. ತೋಟದವರ ಬದುಕು ಬಂದಿದೆ, ಗದ್ದೆಯವರದು ಬಂದಿದೆ, ಮಠದವರದು ಬಂದಿದೆ. ಸರಕು ಕೊಂಡು ಮಾರಿ ಇವರೆಲ್ಲರನ್ನೂ ಒಂದಕ್ಕೊಂದು ಹೆಣೆದವನು, ಅವನ ಮನೆ, ಅವನ ಹೆಂಡತಿ ಮಕ್ಕಳು ಹೊರಗೇ ಉಳಿದಿದ್ದಾರೆ. ಇದಕ್ಕೆ ಸಾಕ್ಷಿ ‘ಸಂಸ್ಕಾರ’ದ ಒಳಗೇ ಇದೆ.

ಇಡೀ ಕಾದಂಬರಿ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ದುರ್ವಾಸಪುರದ ಅಗ್ರಹಾರದಲ್ಲಿ ಸತ್ತ, ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ ಸುಡುವವರು ಯಾರು? ಸುಟ್ಟವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ಈ ಉತ್ತರ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಆದರೂ ಓದಿ ಮುಗಿಸಿದವರನ್ನು ಕೇಳಿ ನೋಡಿ, ಬಹಳ ಜನರಿಗೆ ಅವನ ಹೆಸರೇ ನೆನಪಿಗೆ ಬರುವುದಿಲ್ಲ.

ಆ ಭಾಗವನ್ನು ನಿಧಾನವಾಗಿ ಓದಬೇಕು, ಯಾಕೆಂದರೆ ಅನಂತಮೂರ್ತಿ ಅದನ್ನು ಅವಸರದಲ್ಲಿ ದಾಟಿಸಿದ್ದಾರೆ. ಕಾಡಿನಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರನ್ನು ಕೂಡಿದ, ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿ ಅದೇ ರಾತ್ರಿ ಮನೆಗೆ ಬಂದು ಕೊಳೆಯುತ್ತಿರುವ ಹೆಣವನ್ನು ನೋಡುತ್ತಾಳೆ. ತಾನು ಕೂಡಿ ಬಾಳಿದ ಗಂಡಸು ಅದಲ್ಲ ಎಂದು ಅವಳಿಗೆ ಅನ್ನಿಸುತ್ತದೆ. ಗಾಡಿಯ ಶೇಷಪ್ಪನನ್ನು ಕೇಳುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟುವುದು ತನ್ನಿಂದಾಗದು ಎಂದು ಅವನು ಹಿಂಜರಿಯುತ್ತಾನೆ. ಅಲ್ಲಿಂದ ಸಾಬರ ಕೇರಿಗೆ ಹೋಗುತ್ತಾಳೆ. ಹಿಂದೊಮ್ಮೆ ಬ್ಯಾರಿಯ ಕೈ ಬರಿದಾಗಿದ್ದಾಗ ಎತ್ತು ಕೊಳ್ಳಲು ನಾರಣಪ್ಪ ಸಾಲ ಕೊಟ್ಟಿದ್ದ. ಆ ಋಣಕ್ಕೆ ಬ್ಯಾರಿ ಗಾಡಿ ಕಟ್ಟುತ್ತಾನೆ, ಸೌದೆ ಹೇರುತ್ತಾನೆ, ಹೆಣ ಸಾಗಿಸಿ ಬೆಂಕಿ ಕೊಡುತ್ತಾನೆ, ಎತ್ತುಗಳ ಬಾಲ ತಿರುಚಿ ಓಡಿಸಿಕೊಂಡು ಕತ್ತಲಲ್ಲಿ ಹೊರಟುಹೋಗುತ್ತಾನೆ. ಬೆಳಗಾದರೆ ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಬ್ಯಾರಿ ಮತ್ತೆ ಕಾದಂಬರಿಯೊಳಗೆ ಕಾಲಿಡುವುದಿಲ್ಲ.

ಇಲ್ಲಿನ ಬರವಣಿಗೆಯ ವೇಗ ಗಮನಿಸಿ. ಬೇರೆಲ್ಲ ಕಡೆ ಅನಂತಮೂರ್ತಿ ಮನಸ್ಸಿನ ಲೇಖಕರು. ಆಚಾರ್ಯರು ಒಂದು ಹೆಜ್ಜೆ ಇಟ್ಟರೆ ಒಂದು ಪುಟ ಯೋಚಿಸುತ್ತಾರೆ. ಅಗ್ರಹಾರದ ಗರುಡಾಚಾರ್ಯ ಲಕ್ಷ್ಮಣಾಚಾರ್ಯರ ಸಣ್ಣತನಕ್ಕೂ ಒಳಗಿನ ಮಾತು ಸಿಕ್ಕಿದೆ. ಊಟ ಸಿಗದೆ ಚಡಪಡಿಸುವ ದಾಸಾಚಾರ್ಯನ ಹೊಟ್ಟೆಗೂ ಒಂದು ಒಳದನಿ ಇದೆ. ಬ್ಯಾರಿಗೆ ಮಾತ್ರ ಬರೀ ಕ್ರಿಯಾಪದಗಳು. ಅಗ್ರಹಾರದ ಹೆಣವನ್ನು ತಾನು ಸುಟ್ಟ ಸುದ್ದಿ ಹಬ್ಬಿದರೆ ನಾಳೆಯ ವ್ಯಾಪಾರದ ಗತಿಯೇನು ಎಂದು ಅವನಿಗೆ ಹೊಳೆಯುವುದಿಲ್ಲ. ನಡುರಾತ್ರಿ ಹೆಂಗಸೊಬ್ಬಳು ಬಾಗಿಲು ತಟ್ಟಿದ್ದಕ್ಕೆ ಮನೆಯೊಳಗಿಂದ ಯಾರೂ ಏನೂ ಕೇಳುವುದಿಲ್ಲ; ಮನೆಯೊಳಗೆ ಯಾರಾದರೂ ಇದ್ದಾರೆಂದೇ ಗೊತ್ತಾಗುವುದಿಲ್ಲ. ಈ ಆತುರವೇ ಆ ಪ್ರಸಂಗದ ಅರ್ಥ, ಶಾಸ್ತ್ರದ ಹೊರೆಯಿಲ್ಲದವನು ಯೋಚಿಸದೆ ಮಾಡಿ ಮುಗಿಸುತ್ತಾನೆ ಎಂದು ಸಮರ್ಥಿಸುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಆದರೆ ಶಾಸ್ತ್ರದ ಹೊರೆ ಗಾಡಿಯ ಶೇಷಪ್ಪನಿಗೂ ಇರಲಿಲ್ಲ, ಅವನು ಒಲ್ಲೆ ಎಂದ. ಬ್ಯಾರಿ ಹೂಂ ಎಂದದ್ದಕ್ಕೆ ಕಾದಂಬರಿಕಾರರು ಕೊಡುವ ಕಾರಣ ಒಂದೇ, ಅದು ಹಳೆಯ ಸಾಲ.

ಈ ಸಾಲದ ಮಾತನ್ನು ನಮ್ಮ ವಿಮರ್ಶೆ ಕೃತಜ್ಞತೆ ಎಂದು ಓದಿ ಮುಂದೆ ಹೋಗಿಬಿಟ್ಟಿದೆ. ಕೃತಜ್ಞತೆ ಹೌದು, ಅದರ ಜೊತೆಗೆ ಅದೊಂದು ವ್ಯವಹಾರವೂ ಹೌದು. ಕಾದಂಬರಿಯ ಮೊದಲಲ್ಲೇ ಚಂದ್ರಿ ತನ್ನ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಆಚಾರ್ಯರ ಮುಂದೆ ಇಡುತ್ತಾಳೆ. ಅಲ್ಲಿಯವರೆಗೆ ಹೆಣ ನನಗೆ ಬೇಡ ಎನ್ನುತ್ತಿದ್ದವರಿಗೆ ಬಂಗಾರ ಕಂಡೊಡನೆ ಆಸೆ ಹುಟ್ಟುತ್ತದೆ. ಒಬ್ಬರ ಆಸೆ ಇನ್ನೊಬ್ಬರಿಗೆ ಅಡ್ಡ ಬಂದು ಕೆಲಸ ಅಲ್ಲೇ ನಿಲ್ಲುತ್ತದೆ. ಕಣ್ಣೆದುರಿನ ಬಂಗಾರದಿಂದ ಆಗದ ಕೆಲಸ ಎಂದೋ ಕೊಟ್ಟು ಮರೆತ ಸಾಲದಿಂದ ಆಯಿತು. ಅಗ್ರಹಾರದವರ ಕೈಯಲ್ಲಿ ಹಣ ಎಂದರೆ ಒಡವೆ, ವ್ಯಾಜ್ಯ, ಆಸ್ತಿಪಾಲು, ತಿಥಿಯೂಟದ ದಕ್ಷಿಣೆ. ದುರ್ವಾಸಪುರದಲ್ಲಿ ಹಣವನ್ನು ದುಡಿಮೆಗೆ ಹಚ್ಚಿದ ಬ್ರಾಹ್ಮಣ ನಾರಣಪ್ಪನೊಬ್ಬನೇ. ಬ್ಯಾರಿಯ ಎತ್ತು ಅವನ ಬಂಡವಾಳ. ಆ ಎತ್ತುಗಳೇ ಕೊನೆಗೆ ಸಾಲ ಕೊಟ್ಟವನನ್ನು ಸುಡುಗಾಡಿಗೆ ಎಳೆದವು. ಇಂಥ ಬಿಗಿಯಾದ ಲೆಕ್ಕ ಕನ್ನಡ ಕಾದಂಬರಿಯಲ್ಲಿ ಇನ್ನೊಂದಿದ್ದರೆ ನನಗೆ ತೋರಿಸಿ. ನಾರಣಪ್ಪನ ಬಂಡಾಯವನ್ನು ಗುಡಿಯ ಹೊಂಡದಲ್ಲಿ ಮೀನು ಹಿಡಿದದ್ದರಲ್ಲಿ, ಹೆಂಡ ಕುಡಿದದ್ದರಲ್ಲಿ ಹುಡುಕಿದೆವು. ಬ್ಯಾರಿಗೆ ಸಾಲ ಕೊಟ್ಟದ್ದು ಅದಕ್ಕಿಂತ ದೊಡ್ಡ ಬಂಡಾಯ ಎಂದು ನಮಗೆ ಹೊಳೆಯಲಿಲ್ಲ.

ಇನ್ನೊಂದು ಮಾತು. ಆ ರಾತ್ರಿಯ ನಂತರ ಹೆಣ ಇಲ್ಲ. ಅದನ್ನು ಸುಡಲೆಂದು ಕದ್ದುಮುಚ್ಚಿ ಬಂದ ನೆರೆಯ ಪಾರಿಜಾತಪುರದ ಹುಡುಗರು ಮನೆಯಲ್ಲಿ ಹೆಣ ಕಾಣದೆ ಹೌಹಾರಿ ಓಡುತ್ತಾರೆ. ಹೆಣ ಎದ್ದು ನಡೆದಿರಬೇಕು ಎಂದುಕೊಳ್ಳುತ್ತಾರೆಯೇ ಹೊರತು ಯಾರೋ ಸಾಗಿಸಿರಬಹುದು ಎಂಬ ಯೋಚನೆ ಅವರಿಗೆ ಬರುವುದಿಲ್ಲ. ದೆವ್ವವನ್ನು ನಂಬುವುದು ಬ್ಯಾರಿಯನ್ನು ನಂಬುವುದಕ್ಕಿಂತ ಸುಲಭ. ಪ್ರಾಣೇಶಾಚಾರ್ಯರಂತೂ ಕೊನೆಯ ಪುಟದವರೆಗೂ, ಮೇಳಿಗೆಯ ತೇರಿನ ಗದ್ದಲದಲ್ಲೂ, ಹೆಣವಿನ್ನೂ ಕೊಳೆಯುತ್ತಿದೆ ಎಂದೇ ನಡೆಯುತ್ತಾರೆ. ನಾವು ಮೆಚ್ಚಿ ಕೊಂಡಾಡುವ ಆ ಕೊನೆಯ ಭಾಗದ ಆತ್ಮಶೋಧನೆಯೆಲ್ಲ ಆಗಲೇ ಬೂದಿಯಾದ ಹೆಣದ ಸುತ್ತ ನಡೆದದ್ದು. ಎಂಥ ವ್ಯಂಗ್ಯ ಇದು! ಲೇಖಕರು ಇದನ್ನು ಬೆಳೆಸಬಹುದಿತ್ತು, ಬೆಳೆಸಲಿಲ್ಲ. ಗೊತ್ತಿದ್ದೂ ಓದುಗ ಆಚಾರ್ಯರ ಜೊತೆ ಮರೆತುಬಿಡುತ್ತಾನೆ, ಮರೆಯಲಿ ಎಂಬಂತೆಯೇ ಬರವಣಿಗೆ ಸಾಗುತ್ತದೆ.

ವಿಮರ್ಶಕರು ಮರೆತದ್ದು ಹೆಚ್ಚಿನ ಅಪರಾಧ. ಎ.ಕೆ. ರಾಮಾನುಜನ್ 1976ರ ಇಂಗ್ಲಿಷ್ ಅನುವಾದಕ್ಕೆ ಬರೆದ ಹಿನ್ನುಡಿ ಸೊಗಸಾದದ್ದು, ಅದರ ಕಣ್ಣೆಲ್ಲ ಆಚಾರ್ಯರ ಮೇಲೆ, ಅವರು ತಮ್ಮ ಎದುರಾಳಿಯಂತೆಯೇ ಆಗುತ್ತಾ ಹೋಗುವ ಬಗೆಯ ಮೇಲೆ. ಮರುವರ್ಷ ವಿ.ಎಸ್. ನೈಪಾಲ್ ತಮ್ಮ ಭಾರತದ ಪುಸ್ತಕದಲ್ಲಿ ಇದೇ ಆಚಾರ್ಯರನ್ನು ಹಿಡಿದು ಹಿಂದೂ ನಾಗರಿಕತೆಯ ರೋಗಕ್ಕೇ ಮದ್ದರೆಯಲು ಹೊರಟರು. ಅವರ ಮೇಲೆ ನಮ್ಮವರು ಸಿಟ್ಟಾದರು, ಆದರೆ ಅವರು ನೋಡಿದ ಕಡೆಯೇ ಇವರೂ ನೋಡುತ್ತಿದ್ದರು. ಕರ್ಮಠ ಸಮಾಜ ಕೆಲಸ ಮಾಡಲಾರದೆ ಕೈಕಟ್ಟಿ ಕೂತಿತ್ತು ಎಂಬ ನೈಪಾಲರ ವಾದಕ್ಕೆ ಉತ್ತರ ಕೊಡಬೇಕಾದವನು ಬ್ಯಾರಿ. ಅವನನ್ನು ಯಾರೂ ಕರೆಯಲಿಲ್ಲ. ಇವರಿಗಿಂತ ನನಗೆ ಬೇಸರ ತರಿಸುವವರು ನಮ್ಮ ವೇದಿಕೆಗಳಲ್ಲಿ ಬ್ಯಾರಿಯನ್ನು ಕರೆದು, ಹಾರ ಹಾಕಿ, ಭಾವೈಕ್ಯದ ಪ್ರತೀಕ ಎಂದು ಕೂರಿಸುವವರು. ಪ್ರತೀಕಕ್ಕೆ ಹೊಟ್ಟೆಪಾಡಿಲ್ಲ, ಸಾಲವಿಲ್ಲ, ಮನೆಯಿಲ್ಲ. ಬ್ಯಾರಿಯನ್ನು ಮರೆತವರು ಅವನ ಹೆಸರು ಮರೆತರು, ಹಾರ ಹಾಕಿದವರು ಅವನ ಕಸುಬನ್ನೇ ಮರೆತರು. ಮಾನವೀಯತೆಯಿಂದ ಮಾಡಿದ ಎನ್ನುತ್ತಾರೆ. ಕಾದಂಬರಿ ಹಾಗೆ ಹೇಳಿಯೇ ಇಲ್ಲವಲ್ಲ ಸ್ವಾಮಿ, ಸಾಲದ ಮಾತು ಹೇಳಿದೆ. ಕೊಟ್ಟ ಮಾತು ತಪ್ಪದಿರುವುದು, ಪಡೆದದ್ದನ್ನು ಹಿಂದಿರುಗಿಸುವುದು ವ್ಯಾಪಾರಿಯ ಧರ್ಮವೂ ಆಗಿರಬಹುದು ಎಂದು ಒಪ್ಪಲು ಇವರಿಗೇಕೆ ಇಷ್ಟು ಕಷ್ಟ?

ಕಷ್ಟಕ್ಕೆ ಕಾರಣ ಇದೆ. ಮಲೆನಾಡಿನ ಕಥೆ ಬರೆದವರು ಹೆಚ್ಚಾಗಿ ಅಡಿಕೆ ತೋಟದ, ಗದ್ದೆಯ ಮನೆಗಳಿಂದ ಬಂದವರು, ಅಥವಾ ಆ ಮನೆಗಳನ್ನು ಹತ್ತಿರದಿಂದ ಕಂಡವರು. ಅಂಥ ಮನೆಗೆ ವ್ಯಾಪಾರಿ ಎಂದರೆ ಬಾಕಿ. ಶಿವಮೊಗ್ಗದ ಮಂಡಿ ಸಾಹುಕಾರ ಮದುವೆಗೆ, ಅಕ್ಕಿಗೆ, ಆಳಿನ ಕೂಲಿಗೆ ಮುಂಗಡ ಕೊಡುತ್ತಿದ್ದ. ಕೊಯ್ಲಾದ ಮೇಲೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲ ಅವನ ಮಂಡಿಗೇ ಇಳಿಯಬೇಕು. ದಲಾಲಿ, ಬಡ್ಡಿ, ತೂಕದ ಕಡಿತ ಕಳೆದು ಉಳಿದದ್ದು ಮುಂದಿನ ವರ್ಷದ ಖಾತೆಗೆ. ಬೆಳೆಗಾರರು 1939ರಲ್ಲಿ ಮ್ಯಾಮ್ಕೋಸ್ ಎಂಬ ಸಹಕಾರ ಸಂಘ ಕಟ್ಟಿಕೊಂಡದ್ದು ಈ ಹಿಡಿತದಿಂದ ತಪ್ಪಿಸಿಕೊಳ್ಳಲೆಂದೇ. ಸಾಲಗಾರನ ಜಗಲಿಯಿಂದ ನೋಡಿದರೆ ಸಾಲ ಕೊಟ್ಟವನ ಮನೆಯಲ್ಲಿ ಹೆಂಡತಿ ಮಕ್ಕಳು ಇರುವುದು ಕಾಣುವುದಿಲ್ಲ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. 18ನೇ ಶತಮಾನದ ವರ್ಜೀನಿಯಾದಲ್ಲಿ ಹೊಗೆಸೊಪ್ಪು ಬೆಳೆದ ದೊಡ್ಡ ಜಮೀನ್ದಾರರೂ ಹೀಗೇ ಬ್ರಿಟನ್ನಿನ ವರ್ತಕರಿಗೆ ಬಾಕಿದಾರರಾಗಿದ್ದರು, ಟಿ.ಎಚ್. ಬ್ರೀನ್ ಎಂಬ ಇತಿಹಾಸಕಾರರು 1985ರಲ್ಲಿ ಈ ಸಾಲದ ಮನಸ್ಥಿತಿಯ ಮೇಲೆಯೇ ಒಂದು ಪುಸ್ತಕ ಬರೆದರು. ಬ್ರಿಸ್ಟಲ್‌ನ ಫಾರೆಲ್ ಅಂಡ್ ಜೋನ್ಸ್ ಕಂಪನಿಗೆ ಅಲ್ಲಿ ಬಾಕಿ ವಸೂಲಿ ಮಾಡುತ್ತಿದ್ದವನು ಜಾನ್ ವೇಲ್ಸ್. ವಕೀಲ, ಜಮೀನ್ದಾರ, ಗುಲಾಮರ ವ್ಯಾಪಾರದಲ್ಲೂ ಕೈಯಿಟ್ಟವನು. 1773ರಲ್ಲಿ ಅವನು ಸತ್ತಾಗ ಅವನ ಜಮೀನಿನ ಜೊತೆ ಕಂಪನಿಯ ಸಾಲವೂ ಅಳಿಯ ಥಾಮಸ್ ಜೆಫರ್ಸನ್ ತಲೆಗೆ ಬಂತು. ಬಹಳ ಕಾಲ ವೇಲ್ಸ್ ಜೆಫರ್ಸನ್ ಚರಿತ್ರೆಯಲ್ಲಿ ಮಾವ ಎಂಬ ಒಂದು ಸಾಲಿನ ಪಾತ್ರ. ಆನೆಟ್ ಗಾರ್ಡನ್-ರೀಡ್ 2008ರಲ್ಲಿ ಹೆಮಿಂಗ್ಸ್ ಕುಟುಂಬದ ಚರಿತ್ರೆ ಬರೆದಾಗ ಅವನ ಮನೆಯ ಬಾಗಿಲು ತೆರೆಯಿತು. ಒಳಗೆ ಗುಲಾಮಳಾಗಿದ್ದ ಎಲಿಜಬೆತ್ ಹೆಮಿಂಗ್ಸ್, ಅವಳಿಗೆ ಅವನಿಂದ ಹುಟ್ಟಿದ ಮಕ್ಕಳು, ಅವರಲ್ಲಿ ಮುಂದೆ ಜೆಫರ್ಸನ್‌ನ ಮಕ್ಕಳನ್ನು ಹೆತ್ತ ಸ್ಯಾಲಿ. ಕಂಡದ್ದು ಸುಂದರವಾದ ಮನೆಯಲ್ಲ. ಆದರೆ ಆ ಮನೆಯನ್ನು ಹೊಕ್ಕ ಮೇಲೆ ಜೆಫರ್ಸನ್‌ನನ್ನು ಮೊದಲಿನಂತೆ ಓದಲು ಯಾರಿಗೂ ಆಗಲಿಲ್ಲ. ವ್ಯಾಪಾರಿಯ ಮನೆಯನ್ನು ಒಳಹೊಕ್ಕು ನೋಡಿ ಎಂದು ನಾನು ಹೇಳುವುದು ಅವನಿಗೆ ಪುಣ್ಯ ಕಟ್ಟಲು ಅಲ್ಲ.

‘ಸಂಸ್ಕಾರ’ದಲ್ಲಿ ಶಿವಮೊಗ್ಗ ಹೇಗೆ ಬರುತ್ತದೆ ನೋಡಿ. ನಾರಣಪ್ಪ ಅಲ್ಲಿಗೆ ಹೋಗಿ ಜ್ವರ ತರುತ್ತಾನೆ, ‘ತಾಯಿನಾಡು’ ಪತ್ರಿಕೆ ಅಲ್ಲಿನ ಪ್ಲೇಗಿನ ಸುದ್ದಿ ತರುತ್ತದೆ. ಬೀರೂರಿನಿಂದ ರೈಲು 1899ರಲ್ಲೇ ಮುಟ್ಟಿದ್ದ, ಅರ್ಧ ಮಲೆನಾಡಿನ ಅಡಿಕೆ ಅಕ್ಕಿ ಕೈಬದಲಾಗುತ್ತಿದ್ದ ಪೇಟೆ ಕಾದಂಬರಿಯಲ್ಲಿ ಬರೀ ಇಲಿ. ಭದ್ರಾವತಿಯ ಗತಿ ಇನ್ನೂ ಕಡೆ. ಬೆಂಕಿಪುರವಾಗಿದ್ದ ಊರಿನಲ್ಲಿ ಪೆರಿನ್ ಎಂಬ ಅಮೆರಿಕದ ಎಂಜಿನಿಯರ್ ಸಲಹೆ ಪಡೆದು ಕಟ್ಟಿದ ಕಾರ್ಖಾನೆ 1923ರಿಂದ ಮಲೆನಾಡಿನ ಕಾಡನ್ನೇ ಇದ್ದಿಲು ಮಾಡಿ ಕಬ್ಬಿಣ ಕಾಯಿಸಿತು. ಸೌದೆ ಕಂಟ್ರಾಕ್ಟರು, ಇದ್ದಿಲು ಗಾಡಿಯವರು, ಬಟವಾಡೆ ದಿನದ ಅಂಗಡಿ ಸಾಲಿನವರು ಇವರ ಸಂಸಾರದ ಕಥೆಗೆ ನಮ್ಮ ಮಹಾಕಾದಂಬರಿಗಳಲ್ಲಿ ಜಾಗವಿಲ್ಲ.

ಕುವೆಂಪು ಅವರನ್ನೂ ಬಿಡುವಂತಿಲ್ಲ. ‘ಮಲೆಗಳಲ್ಲಿ ಮದುಮಗಳು’ (1967) ನಾಯಿಗುತ್ತಿಯ ನಾಯಿಗೂ ಅಂತರಂಗ ಕೊಟ್ಟ ಉದಾರ ಪುಸ್ತಕ. ಆದರೆ ಕರ್ಮೀನು ಸಾಬಿ ಮತ್ತು ಅವನ ಜೊತೆಗಾರರಿಗೆ ಸರಕಿನಿಂದಲೋ ಉಟ್ಟ ಬಟ್ಟೆಯಿಂದಲೋ ಬಂದ ಅಡ್ಡಹೆಸರು ಬಿಟ್ಟರೆ ಹೆಚ್ಚೇನೂ ಸಿಕ್ಕಿಲ್ಲ. ಕೇಡಿಗೆ ಕೈ ಬೇಕಾದಾಗ ಬರುತ್ತಾರೆ. ಅಂಥವರ ಅಡುಗೆಮನೆ ಕನ್ನಡಕ್ಕೆ ಕಂಡದ್ದು ಘಟ್ಟದ ಕೆಳಗಿನಿಂದ, ಸಾರಾ ಅಬೂಬಕ್ಕರ್ ಮತ್ತು ಬೊಳುವಾರು ಬರೆದ ಮೇಲೆ. ಘಟ್ಟದ ಮೇಲಿನವರು ಅದನ್ನು ಕರಾವಳಿ ಸಾಹಿತ್ಯ ಎಂದು ಬೇರೆ ಕಪಾಟಿನಲ್ಲಿಟ್ಟರು.

ಅನಂತಮೂರ್ತಿಯವರಿಗೆ ಪೇಟೆಯ ಮನುಷ್ಯ ಗೊತ್ತಿರಲಿಲ್ಲ ಎಂಬ ರಿಯಾಯಿತಿಯನ್ನೂ ನಾನು ಕೊಡಲಾರೆ. ಮೂರನೆಯ ಭಾಗದಲ್ಲಿ ಆಚಾರ್ಯರಿಗೆ ದಾರಿಯಲ್ಲಿ ಜೊತೆಯಾಗುವ ಮಾಲೇರ ಪುಟ್ಟನನ್ನು ನೋಡಿ. ಬಾಯಿ ಮುಚ್ಚದ, ಒಗಟು ಹೇಳುವ, ಚೌಕಾಸಿ ಮಾಡುವ, ಕೋಳಿಅಂಕಕ್ಕೆ ಎಳೆದೊಯ್ಯುವ, ತನ್ನ ಹೆಂಡತಿಯ ತವರಿನ ಹುಚ್ಚನ್ನು ದಾರಿಹೋಕನಿಗೆ ಹೇಳಿಕೊಳ್ಳುವ ಪುಟ್ಟ ಕನ್ನಡದ ಅತ್ಯುತ್ತಮ ಪಾತ್ರಗಳಲ್ಲೊಬ್ಬ. ಅಷ್ಟು ಚೆನ್ನಾಗಿ ಬರೆಯಬಲ್ಲವರು ಬ್ಯಾರಿಯನ್ನು ಒಂದು ರಾತ್ರಿಯಲ್ಲಿ ಮುಗಿಸಿದ್ದು ಕೈಲಾಗದೆ ಅಲ್ಲ. ಪುಟ್ಟ ಎಷ್ಟು ಮಾತಾಡಿದರೂ ಅದು ಆಚಾರ್ಯರ ತೊಳಲಾಟಕ್ಕೆ ಒದಗಿಬರುತ್ತದೆ. ಬ್ಯಾರಿ ಮಾತಾಡುವ ಹಾಗಿಲ್ಲ. ಮೀನಿನ ಗಾಡಿ ಹೊಡೆದುಕೊಂಡು ಹೊರಟವನು ಮೇಳಿಗೆಯ ದಾರಿಯಲ್ಲಿ ಆಚಾರ್ಯರಿಗೆ ಎದುರಾಗಿ, ಆ ಕೆಲಸ ಅವತ್ತೇ ಆಯಿತು ಎಂದು ಒಂದು ಮಾತು ಹೇಳಿದ್ದರೆ ಅವರ ಸಂಕಟದ ಅರ್ಧಭಾಗ ಅಲ್ಲೇ ಇಳಿದುಹೋಗುತ್ತಿತ್ತು, ಕಾದಂಬರಿಯ ಕೊನೆಯೂ ಬೇರೆಯಾಗಬೇಕಾಗುತ್ತಿತ್ತು. ಕಥೆಯ ಕಟ್ಟಿಗೆ ಅವನ ಮೌನ ಬೇಕಿತ್ತು, ಹಾಗಾಗಿ ಅವನಿಗೆ ಮನೆಯನ್ನೂ ಬಾಯನ್ನೂ ಕೊಡಲಿಲ್ಲ. ಕಲೆಗಾರಿಕೆಯ ಲೆಕ್ಕದಲ್ಲಿ ಇದನ್ನು ಒಪ್ಪುತ್ತೇನೆ. ಮಲೆನಾಡು ಇಡಿಯಾಗಿ ಬಂದಿದೆ ಎಂಬ ಮಾತನ್ನು ಒಪ್ಪುವುದಿಲ್ಲ.