ಸಾರಥಿಯ ನುಡಿ ಮತ್ತು ಪೋಷಕ ನಟನ ಅಭಿಮಾನ: ರಾಜು ತಾಳಿಕೋಟೆಯವರ ಪಾತ್ರಗಳನ್ನು ಕುರಿತು

ಕನ್ನಡದ ಚಲನಚಿತ್ರ ವಿಮರ್ಶೆಯು ನಾಯಕನಟರ ಅಭಿಮಾನಿಗಳನ್ನು ಕುರಿತು ಯೋಚಿಸಿದಷ್ಟು ಪೋಷಕ ನಟರ ಅಭಿಮಾನಿಗಳನ್ನು ಕುರಿತು ಯೋಚಿಸಿಲ್ಲ. ನಾಯಕನ ಅಭಿಮಾನಕ್ಕೆ ಸಂಘ, ಕಟೌಟು, ಹಾಲಿನ ಅಭಿಷೇಕ ಮೊದಲಾದ ಬಹಿರಂಗ ಚಿಹ್ನೆಗಳಿವೆ. ಪೋಷಕ ನಟನ ಅಭಿಮಾನಕ್ಕೆ ಅಂಥ ಗುರುತುಗಳು ಕಡಿಮೆ. ಅದು ನಟನ ಮಾತನ್ನು ಅನುಕರಿಸುವುದರಲ್ಲಿ, ಪಾತ್ರದ ಹೆಸರಿನಿಂದಲೇ ನಟನನ್ನು ನೆನೆಯುವುದರಲ್ಲಿ, ಹೊಲದ ಬದುವಿನಲ್ಲೋ ಚಹದಂಗಡಿಯಲ್ಲೋ ಸಂದರ್ಭ ಬಂದಾಗ ಆ ನುಡಿಯನ್ನು ಗಾದೆಯಂತೆ ಬಳಸುವುದರಲ್ಲಿ ಇದೆ. ಬಾಯಿಂದ ಬಾಯಿಗೆ ಹರಿಯುವ ಈ ಅಭಿಮಾನವು ಜಾನಪದ ಅಧ್ಯಯನದ ವ್ಯಾಪ್ತಿಗೆ ಸಹಜವಾಗಿಯೇ ಒಳಪಡುತ್ತದೆ. ಕಂಪನಿ ನಾಟಕದಿಂದ ಧ್ವನಿಸುರುಳಿಗೆ, ಅಲ್ಲಿಂದ ಸಿನಿಮಾಕ್ಕೆ ಮತ್ತು ಕಿರುತೆರೆಗೆ ಸಾಗಿ, 2025ರ ಅಕ್ಟೋಬರ್ 13ರಂದು ನಿಧನರಾದ ರಾಜು ತಾಳಿಕೋಟೆಯವರನ್ನು ಉತ್ತರ ಕರ್ನಾಟಕದ ಪ್ರೇಕ್ಷಕರು ಸ್ವೀಕರಿಸಿದ ಬಗೆಯನ್ನು ಈ ನೆಲೆಯಲ್ಲಿ ಪರಿಶೀಲಿಸಬಹುದು.

ಪ್ರೇಕ್ಷಕರ ನುಡಿಲೋಕ

ಪ್ರೇಕ್ಷಕರನ್ನು ಅರಿಯಲು ಒಂದು ಸೀಮೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಿಂಧನೂರು ತಾಲ್ಲೂಕಿನ ದಢೇಸುಗೂರು ತುಂಗಭದ್ರೆಯ ಎಡದಂಡೆಯ ಊರು. ಹೊಳೆಯಾಚೆಗೆ ಸಿರುಗುಪ್ಪದ ಸೀಮೆ. 1950ರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಕನ್ನಡ, ತೆಲುಗು, ದಖನಿ ಉರ್ದುಗಳು ಒಂದೇ ಸಂತೆಯಲ್ಲಿ ಕಲೆಯುವ ಈ ಭಾಗದಲ್ಲಿ ಮನುಷ್ಯ ಬಾಯಿ ತೆರೆದೊಡನೆ ಅವನ ಊರು, ಕಸುಬುಗಳು ತಿಳಿದುಬಿಡುತ್ತವೆ. ಆದರೆ ಇಲ್ಲಿನವರು ಶಾಲೆಯ ಪಠ್ಯದಲ್ಲಿ ಓದಿದ ಕನ್ನಡವಾಗಲಿ, ಬೆಳ್ಳಿತೆರೆಯಲ್ಲಿ ಕೇಳಿದ ಕನ್ನಡವಾಗಲಿ ಮನೆಯಲ್ಲಿ ಆಡುವ ಕನ್ನಡವಾಗಿರಲಿಲ್ಲ.

ಈ ಅಂತರವು ಇಲ್ಲಿನ ರಂಗಪರಂಪರೆಗೆ ಹೊಸದಲ್ಲ. ದೊಡ್ಡಾಟದಲ್ಲಿ ರಾಜ ಗ್ರಾಂಥಿಕ ವಚನದಲ್ಲಿ ಅಬ್ಬರಿಸುತ್ತಾನೆ. ಸಾರಥಿ ಊರಿನ ಮಾತಿನಲ್ಲಿ ಅವನ ಹೆಸರು, ಪಟ್ಟಣಗಳನ್ನು ಕೇಳುತ್ತಾನೆ. ಕಿರೀಟ ಧರಿಸಿದವನು ತಾನು ಯಾರೆಂಬುದನ್ನು ಸಾರಥಿಯ ಮುಂದೆ ಹೇಳಿಕೊಳ್ಳಲೇಬೇಕು. ಶ್ರೀಕೃಷ್ಣ ಪಾರಿಜಾತದ ದೂತಿಯದೂ ಇಂಥದೇ ಸ್ಥಾನ. ಆಡುಮಾತು ಇಲ್ಲಿ ನಗಿಸುವ ಸಾಧನ ಮಾತ್ರವಲ್ಲ, ಪ್ರಶ್ನಿಸುವ ಅಧಿಕಾರವೂ ಹೌದು. ವೃತ್ತಿ ನಾಟಕ ಕಂಪನಿಗಳ ಹಾಸ್ಯಪಾತ್ರಗಳು ಈ ಅಧಿಕಾರದ ಬಹುಭಾಗವನ್ನು ಉಳಿಸಿಕೊಂಡವು.

ಕುಡುಕನ ಪಾತ್ರ

ರಾಜು ತಾಳಿಕೋಟೆಯವರು ಬೆಳೆದದ್ದು ಇಂಥ ಕಂಪನಿಯ ಒಳಗೇ. ಮುಸ್ಲಿಂ ಕಲಾವಿದರ ಕುಟುಂಬವೊಂದು ತಾಳಿಕೋಟೆಯ ಶರಣ ಖಾಸ್ಗತೇಶ್ವರರ ಹೆಸರಿನಲ್ಲಿ ನಾಟ್ಯಸಂಘವನ್ನು ನಡೆಸಿದ್ದು, ಮೊಹರಮ್ಮಿನ ರಿವಾಯತ ಪದಗಳನ್ನು ಎಲ್ಲ ಜಾತಿಯವರೂ ಹಾಡುವ ಈ ನಾಡಿನಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. 'ಕಲಿಯುಗದ ಕುಡುಕ' ನಾಟಕವು ಅವರಿಗೆ ಹೆಸರು ತಂದಿತು. ಅದರ ಧ್ವನಿಸುರುಳಿಗಳು ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗೂ ತಲುಪಿದವು. ಬನಶಂಕರಿಯಂಥ ಜಾತ್ರೆಗಳಿಗೆ ಹೋಗಿ ಕಂಪನಿ ನಾಟಕ ನೋಡಲಾಗದವರೂ ಅವರ ದನಿಯನ್ನು ಬಲ್ಲವರಾದರು. ಧ್ವನಿಸುರುಳಿಯಲ್ಲಿ ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಅಲ್ಲಿ ನುಡಿಯೇ ಪಾತ್ರವಾಗುತ್ತದೆ. ನಟನ ಮುಖಕ್ಕಿಂತ ಮೊದಲು ಅವನ ಮಾತಿನ ಲಯವನ್ನು ಕಂಠಸ್ಥ ಮಾಡಿಕೊಂಡ ಈ ಅಭಿಮಾನಿಗಳು ನೋಡುಗರಾಗುವ ಮುನ್ನ ಕೇಳುಗರಾಗಿದ್ದರೆಂಬುದನ್ನು ಗಮನಿಸಬೇಕು.

ಕುಡುಕನು ಸಮಾಜದ ಕಟ್ಟುಪಾಡಿನಿಂದ ಕೆಲಹೊತ್ತು ಬಿಡುಗಡೆ ಪಡೆದವನು. ತಾನು ನಗೆಗೆ ಈಡಾಗುತ್ತಲೇ ಅವನು ಊರಿನ ಹುಳುಕನ್ನು ಎತ್ತಿ ಆಡಬಲ್ಲ. ಈ ಅರ್ಥದಲ್ಲಿ ಅವನು ಸಾರಥಿಯ ವಂಶದವನೇ.

ತೆರೆಯ ಮೇಲೆ

ಯೋಗರಾಜ ಭಟ್ಟರ 'ಮನಸಾರೆ' (2009) ಚಿತ್ರದಲ್ಲಿ ಅವರು ಹುಚ್ಚಾಸ್ಪತ್ರೆಯ ನಿವಾಸಿಯಾಗಿ ಕಾಣಿಸಿಕೊಂಡರು. ಮರುವರ್ಷ 'ಪಂಚರಂಗಿ'ಯಲ್ಲಿ ನಟಿಸಿದರು. ರಂಗದ ಕುಡುಕ ತೆರೆಯಲ್ಲಿ ಹುಚ್ಚನಾದದ್ದು ಆಕಸ್ಮಿಕವಲ್ಲ. ಇಬ್ಬರೂ ಕಟ್ಟುಪಾಡಿನ ಹೊರಗಿನವರು. ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಕಂಪನಿ ನಾಟಕದಲ್ಲಿ ರಂಗದ ಮೇಲಿನ ಬಹುಪಾಲು ಪಾತ್ರಗಳೂ ಮುಂದೆ ಕುಳಿತ ಪ್ರೇಕ್ಷಕರೂ ಒಂದೇ ಸೀಮೆಯ ಭಾಷೆಯವರು. ಅಲ್ಲಿ ನಗೆ ಹುಟ್ಟುವುದು ಕುಡುಕ ಹೇಳಿದ ಸಂಗತಿಯಿಂದ. ಸಿನಿಮಾದಲ್ಲಿ ನಾಯಕ ನಾಯಕಿಯರದು ಬೆಂಗಳೂರಿನ ಕನ್ನಡ. ಅದರ ಪಕ್ಕದಲ್ಲಿ ನಿಂತ ಉತ್ತರದ ನುಡಿಯೇ ನಗೆಯ ವಸ್ತುವಾಗುವ ಅಪಾಯವಿದೆ. ಒಂದೇ ಮಾತಿಗೆ ಇಬ್ಬರು ಪ್ರೇಕ್ಷಕರು ನಕ್ಕರೂ ನಗೆ ಒಂದೇ ಆಗಿರುವುದಿಲ್ಲ: ದಢೇಸುಗೂರಿನವನದು ತನ್ನ ಮನೆಮಾತು ತೆರೆಯಲ್ಲಿ ಕೇಳಿಸಿತೆಂಬ ಹಿಗ್ಗು, ದೂರದವನದು ವಿಚಿತ್ರ ಉಚ್ಚಾರವನ್ನು ಕೇಳಿದ ಮೋಜು. ಅಭಿಮಾನಿಯ ಹಿಗ್ಗು ನಿಜವಾದುದೇ. ಆದರೆ ತನ್ನ ನುಡಿಗೆ ದೊರೆತಿರುವ ಸ್ಥಾನ ಯಾವುದೆಂಬ ಪ್ರಶ್ನೆಯನ್ನು ಆ ಹಿಗ್ಗು ಮರೆಮಾಡಲೂಬಹುದು.

2019ರಲ್ಲಿ ಆರಂಭವಾದ 'ಬಿಗ್ ಬಾಸ್' ಏಳನೆಯ ಆವೃತ್ತಿಯಲ್ಲಿ ಅವರು ಸ್ಪರ್ಧಿಯಾಗಿದ್ದರು. ಅಲ್ಲಿ ಪಾತ್ರದ ಹೊದಿಕೆಯೂ ಇರಲಿಲ್ಲ. ನುಡಿಯೇ ವ್ಯಕ್ತಿಯ ಗುರುತಾಯಿತು.

ಹಾಗಾದರೆ ಹಾಸ್ಯಪಾತ್ರವೆಂದರೆ ಅವಮಾನವೆಂದು ತೀರ್ಮಾನಿಸಬೇಕೇ? ಇಲ್ಲಿ ಬೀದರ ಜಿಲ್ಲೆಯ ವೈಜನಾಥ ಬಿರಾದಾರರ ಉದಾಹರಣೆ ನೆರವಿಗೆ ಬರುತ್ತದೆ. ಹಲವು ಚಿತ್ರಗಳಲ್ಲಿ ಸಣ್ಣ ಹಾಸ್ಯಪಾತ್ರಗಳಿಗೆ ಸೀಮಿತರಾಗಿದ್ದ ಅವರಿಗೆ ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ'ಯಲ್ಲಿ ಗೋರಿ ತೋಡುವ ಈರ್ಯಾನ ಕೇಂದ್ರ ಪಾತ್ರ ದೊರೆಯಿತು. ಆ ಚಿತ್ರದ ಮೂಲ ರಾಯಚೂರು ಜಿಲ್ಲೆಯವರೇ ಆದ ಅಮರೇಶ ನುಗಡೋಣಿಯವರ 'ಸವಾರಿ' ಕತೆ. ಸಾವು, ಕನಸು, ನಂಬಿಕೆಗಳ ಭಾರವನ್ನು ಇದೇ ನಾಡಿನ ಬದುಕು ಹೊರಬಲ್ಲದೆಂಬುದನ್ನು ಅದು ತೋರಿಸಿತು. ಆದರೆ ಇದರಿಂದ ಗಂಭೀರ ಪಾತ್ರ ಮೇಲು, ಹಾಸ್ಯಪಾತ್ರ ಕೀಳು ಎಂಬ ನಿರ್ಣಯಕ್ಕೆ ಬರಬೇಕಾಗಿಲ್ಲ. ದೊಡ್ಡಾಟದಲ್ಲಿ ಸಾರಥಿ ರಾಜನಿಗಿಂತ ಕಡಿಮೆಯವನಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ತೆರೆಯ ಮೇಲಿನ ಈ ಸಾರಥಿಗೆ ನಾಯಕನನ್ನು ಪ್ರಶ್ನಿಸುವ ಹಕ್ಕು ಉಳಿದಿದೆಯೇ? ಹುಚ್ಚರು ಒಳಗಿರುವವರೋ ಹೊರಗಿರುವವರೋ ಎಂದು ಕೇಳುವ 'ಮನಸಾರೆ'ಯಲ್ಲಿ ಆ ಹಕ್ಕು ಸ್ವಲ್ಪಮಟ್ಟಿಗೆ ಉಳಿದಿದೆ. ಹಾಸ್ಯನಟನನ್ನು ಕೇವಲ ಉಚ್ಚಾರಕ್ಕಾಗಿ ಕರೆತರುವ ಚಿತ್ರಗಳಲ್ಲಿ ಅದು ಉಳಿಯುವುದಿಲ್ಲ. ಅಲ್ಲಿ ಉಳಿದ ಅರ್ಥವನ್ನು ತುಂಬುವವರು ಧ್ವನಿಸುರುಳಿಯನ್ನು ಕೇಳಿ ಬೆಳೆದ ಅಭಿಮಾನಿಗಳೇ.

ನಿಧನರಾದಾಗ ರಾಜು ತಾಳಿಕೋಟೆಯವರು ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ಕಂಪನಿ ನಾಟಕದ ನಟನೊಬ್ಬ ಸರ್ಕಾರದ ರಂಗಸಂಸ್ಥೆಯ ಮುಖ್ಯಸ್ಥನಾದುದು ಆ ಪರಂಪರೆಗೆ ದೊರೆತ ಮನ್ನಣೆಯೇ ಸರಿ. ಆದರೆ ಅವರ ಕೀರ್ತಿಗೆ ತಳಹದಿಯಾದ ಧ್ವನಿಸುರುಳಿಗಳು ಮನೆಯ ಅಟ್ಟಗಳಲ್ಲಿ ಬೂಷ್ಟು ಹಿಡಿಯುತ್ತಿವೆ; ಅವುಗಳನ್ನು ಕೇಳಿಸುವ ಯಂತ್ರಗಳೂ ವಿರಳವಾಗಿವೆ. ಅವುಗಳನ್ನು ಸಂಗ್ರಹಿಸುವ, ಜೊತೆಗೆ ಅವುಗಳ ಮಾತನ್ನು ಇಂದಿಗೂ ಬಾಯಲ್ಲಿ ಉಳಿಸಿಕೊಂಡಿರುವ ಕೇಳುಗರನ್ನು ಊರೂರಿನಲ್ಲಿ ಕಂಡು ದಾಖಲಿಸುವ ಕೆಲಸವನ್ನು ಜಾನಪದ ವಿದ್ವಾಂಸರು ತಡಮಾಡದೆ ಕೈಗೆತ್ತಿಕೊಳ್ಳಬೇಕಾಗಿದೆ.